ಸೋಮವಾರದ ಕಲ್ಲು

ಕೈ ಮೂಸಿ ನೋಡುವ ಮನುಷ್ಯ ಅಂತ ನಾನು ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. ಕಾರವಾರದ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಅವರು. ನಾನು ಅದೇ ಶಾಲೆಯ ಆಫೀಸಿನಲ್ಲಿ ಗುಮಾಸ್ತ. ಕೆಲಸಕ್ಕೆ ಹಾಜರಾದ ದಿನ ಎಲ್ಲರೂ ಕೈ ಕುಲುಕಿ ಬಿಟ್ಟರು. ಇವರು ಮಾತ್ರ ಕುಲುಕಿದ ಕೈಯನ್ನು ಬಿಡದೆ ಮೂಗಿನ ಹತ್ತಿರ ಒಯ್ದು, ಕಣ್ಣು ಮುಚ್ಚಿ ಉಸಿರೆಳೆದು, ‘ಬಂಗಡೆ. ನಿನ್ನೆದು’ ಎಂದರು. ಆಮೇಲೆ ನನ್ನ ಬಲಗೈಯ ಕಿರುಬೆರಳನ್ನು ಹಿಡಿದು, ಅದು ಯಾಕೆ ಹೊರಗೆ ಸೊಟ್ಟಗಾಗಿದೆ ಎಂದು ಕೇಳಿದರು. ಸಣ್ಣವನಿದ್ದಾಗ ಬಲೆಯ ಹಗ್ಗಕ್ಕೆ ಸಿಕ್ಕಿ ಮುರಿದದ್ದು ಎಂದೆ.

ನನಗೆ ಸಿಟ್ಟು ಬಂದಿತ್ತು. ಮಾಜಾಳಿಯ ಮೀನುಗಾರರ ಮನೆಯವ ನಾನು, ನಮ್ಮ ಮನೆತನದಲ್ಲಿ ಸರ್ಕಾರಿ ಪಗಾರ ಎಣಿಸಿದವರಲ್ಲಿ ಮೊದಲಿಗ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದವನ ಕೈ ಮೂಸಿ ಮೀನಿನ ಹೆಸರು ಹೇಳಿದರೆ ಏನೆಂದುಕೊಳ್ಳಬೇಕು? ಮೂರು ದಿನ ಅವರನ್ನು ಮಾತಾಡಿಸಲಿಲ್ಲ. ನಾಲ್ಕನೆಯ ದಿನ ಗೊತ್ತಾಯಿತು, ಅವರು ಹೆಡ್‌ಮಾಸ್ತರರ ಕೈಯನ್ನೂ ಮೂಸಿದವರೇ. ಶಾಲೆ ತಪಾಸಣೆಗೆ ಬಂದ ಸಾಹೇಬರ ಕೈ ಮೂಸಿ ‘ಕೊಬ್ರಿ ಎಣ್ಣೆ. ನೀವು ಕಲ್ಲಿನ ಹತ್ರ ಬರೂದು ಬೇಡ’ ಎಂದಿದ್ದರಂತೆ. ಯಾವ ಕಲ್ಲು, ತಾನೆಲ್ಲಿಗೆ ಬರಬಾರದು ಎಂದು ತಿಳಿಯದೆ ಸಾಹೇಬರು ಒಳ್ಳೆಯ ಷರಾ ಬರೆದು ಹೋದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೇ ಬರೆಯುತ್ತಿರಲಿಲ್ಲ. ಕಲ್ಲಿನ ಮೇಲೆ ಬರೆದದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ, ಹಾಗಾಗಿ ಹೆಸರು ಸರಿಯಾಗಿ ಕಾಣಬೇಕಾದರೆ ಕಲ್ಲಿನ ಮೇಲೆ ಉಲ್ಟಾ ಬರೆಯಬೇಕು. ‘ಉಲ್ಟಾ ಬರೂಕೆ ನಮ್ಮಪ್ಪ ಇಟ್ಟ ಹೆಸರಲ್ಲ ಅದು’ ಎಂದು ಅವರು ಚಿತ್ರದ ಮೂಲೆಯನ್ನು ಖಾಲಿ ಬಿಡುತ್ತಿದ್ದರು.

ಕಲ್ಲಿನ ಕತೆ ಹೇಳದಿದ್ದರೆ ಅವರ ಕತೆ ಹೇಳಿದಂತಾಗುವುದಿಲ್ಲ. ಹಿಂದೆ ಅಂಕೋಲೆಯಲ್ಲಿ ಕಲ್ಲಿನಿಂದ ಲೇಬಲ್ಲು ಅಚ್ಚು ಹಾಕುವ ಒಂದು ಛಾಪಖಾನೆ ಇತ್ತಂತೆ. ಅದು ಮುಚ್ಚಿ ಎಷ್ಟೋ ಕಾಲದ ಮೇಲೆ ಮಾಸ್ತರು ಪರಿಚಯದವರ ಮನೆಗೆ ಊಟಕ್ಕೆ ಹೋದಾಗ, ಹಿತ್ತಲಲ್ಲಿ ಕೈ ತೊಳೆಯುತ್ತ, ಬಟ್ಟೆ ಒಗೆಯುವ ಕಲ್ಲಿನ ಮೂಲೆಯಲ್ಲಿ ತಿರುಗುಮುರುಗಾದ ಅಕ್ಷರಗಳನ್ನು ಕಂಡರು. ಊದಿನಕಡ್ಡಿಯ ಲೇಬಲ್ಲು. ಊಟ ಅಲ್ಲಿಗೇ ನಿಂತಿತು. ಆ ಮನೆಯ ಯಜಮಾನಿತಿಗೆ ನುಣುಪಾದ ಹೊಸ ಒಗೆಯುವ ಕಲ್ಲು ಹಾಕಿಸಿಕೊಟ್ಟು, ಹಳೆಯದನ್ನು ಬಾಡಿಗೆ ಟೆಂಪೊದಲ್ಲಿ ಕದ್ವಾಡದ ತಮ್ಮ ಮನೆಗೆ ತಂದರು. ದಾರಿಯುದ್ದಕ್ಕೂ ಕಲ್ಲಿನ ಪಕ್ಕದಲ್ಲೇ ಕೂತು ಅದಕ್ಕೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದಿದ್ದರೆಂದು ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಬಂದವರಿಗೆಲ್ಲ ಹೇಳುತ್ತಿದ್ದರು. ‘ನನ್ನ ಮದುವೆ ದಿಬ್ಬಣದಲ್ಲೂ ಕೊಡೆ ಹಿಡೀಲಿಲ್ಲ ಇವರು’ ಎಂದು ಒಂದು ಮಾತು ಸೇರಿಸುತ್ತಿದ್ದರು.

ಹಿತ್ತಲ ಕೊಟ್ಟಿಗೆಯಲ್ಲಿ ದನಗಳಿರಲಿಲ್ಲ, ಕಲ್ಲು ಬಂದು ಸೇರಿತು. ಬೈತಖೋಲ ಬಂದರಿನ ಮೇಸ್ತ್ರಿಯೊಬ್ಬನನ್ನು ಹಿಡಿದು, ಟ್ರಾಲರಿನ ಗುಜರಿ ಗಾಲಿಯನ್ನು ಮರದ ಚೌಕಟ್ಟಿಗೆ ಕೂಡಿಸಿ ಪ್ರೆಸ್ಸೂ ತಯಾರಾಯಿತು. ಮೇಣ, ಸಾಬೂನು, ದೀಪದ ಕಪ್ಪು ಕಾಸಿ ಚಿತ್ರ ಬರೆಯುವ ಕಡ್ಡಿಯನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಆ ವಿದ್ಯೆ ದೊಡ್ಡ ಗುಟ್ಟೇನಲ್ಲ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ಅಷ್ಟೇ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಬರೆಯುವುದು; ಗೋಂದು ಮತ್ತು ಆಸಿಡ್ ಬಳಿಯುವುದು; ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ರೂಳು ಉರುಳಿಸಿದರೆ ಜಿಡ್ಡಿರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ, ಒದ್ದೆ ಇರುವಲ್ಲಿ ಹಿಡಿಯುವುದಿಲ್ಲ. ತೊಡಕು ಒಂದೇ. ಯಾವುದು ಬರೆದ ಜಿಡ್ಡು, ಯಾವುದು ತಗಲಿದ ಜಿಡ್ಡು ಎಂದು ಕಲ್ಲಿಗೆ ಗೊತ್ತಾಗುವುದಿಲ್ಲ. ಬೆರಳು ತಗಲಿದರೆ ಬೆರಳೂ ಅಚ್ಚಾಗುತ್ತದೆ. ಕಣ್ಣಿಗೆ ಕಾಣದ್ದು ಮಸಿ ಹಾಕಿದ ಮೇಲೆ ಕರ್ರಗೆ ಎದ್ದು ನಿಲ್ಲುತ್ತದೆ.

ಬಂಗಡೆ, ತಾರ್ಲೆ, ಇಸವಣ ಅಂತ ಮೂರು ಹೊತ್ತೂ ಮೀನು ಮುಟ್ಟುವ ಊರಿನಲ್ಲಿ ಇಂಥ ವಿದ್ಯೆ ಹಿಡಿದವರ ಪಾಡನ್ನು ಯೋಚಿಸಿ. ಅದಕ್ಕೇ ಕೈ ಮೂಸುವುದು. ಅದಕ್ಕೇ ಸೋಮವಾರ. ನಮ್ಮ ಕಡೆ ಸೋಮವಾರ ಮನೆಗಳಲ್ಲಿ ಮೀನು ಮಾಡುವುದಿಲ್ಲ, ದೇವರ ವಾರ. ಮಾಸ್ತರು ದೇವರನ್ನು ಅಷ್ಟಾಗಿ ಹಚ್ಚಿಕೊಂಡವರಲ್ಲ, ಆದರೆ ಸೋಮವಾರವನ್ನು ಬಿಗಿಯಾಗಿ ಹಿಡಿದುಕೊಂಡರು. ಕಲ್ಲಿನ ಕೆಲಸ ಏನಿದ್ದರೂ ಸೋಮವಾರವೇ, ಶಾಲೆ ಬಿಟ್ಟ ಮೇಲೆ, ರಜೆಯಿದ್ದರೆ ಬೆಳಗಿನಿಂದ. ಕಲ್ಲು ಎತ್ತಲು ಎರಡು ಆಳು ಬೇಕು. ಮೊದಮೊದಲು ಶಾಲೆಯ ಯಾರಾದರೂ ಹೋಗುತ್ತಿದ್ದರು, ಹುಣಸೆಹಣ್ಣು ಬೂದಿ ಹಚ್ಚಿ ಮೂರು ಸಲ ಕೈ ತೊಳೆಸಿ ಮೂಸುವ ಕಾಟಕ್ಕೆ ಒಬ್ಬೊಬ್ಬರೇ ತಪ್ಪಿಸಿಕೊಂಡರು. ಕಡೆಗೆ ಉಳಿದವ ನಾನು. ಬೈದುಕೊಂಡೇ ಹೋಗುತ್ತಿದ್ದೆ. ಹೋಗದೆ ಇರಲು ಮಾತ್ರ ಆಗುತ್ತಿರಲಿಲ್ಲ.

ಮೊದಲ ಸಲ ಹೋದಾಗ ಕಲ್ಲಿನ ಮೇಲೆ ಒಂದು ಏಡಿಯಿತ್ತು. ಕೆಸರಿನಿಂದ ಆಗಷ್ಟೇ ಎದ್ದು ಬಂದು ಒಂದು ಕೊಂಡಿ ಎತ್ತಿ ನಿಂತ ಏಡಿ. ನಮ್ಮ ಮನೆಯಲ್ಲಿ ಏಡಿಯನ್ನು ಬುಟ್ಟಿಯ ಲೆಕ್ಕದಲ್ಲಿ ಕಂಡವ ನಾನು, ಒಂದು ಏಡಿಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಐದಾರು ಪ್ರತಿ ತೆಗೆದರು, ನನಗೊಂದು ಕೊಟ್ಟರು. ಮುಂದಿನ ಸೋಮವಾರ ಹೋದರೆ ಕಾಳಿ ನದಿಯ ಮರಳನ್ನು ವೈನಿಯ ಹಿಟ್ಟಿನ ಜರಡಿಯಲ್ಲಿ ಸೋಸಿ, ಕಲ್ಲಿನ ಮೇಲೆ ಹಾಕಿ, ನೀರು ಬಿಟ್ಟುಕೊಂಡು ತಿಕ್ಕುತ್ತಿದ್ದಾರೆ. ಏಡಿ ಅರ್ಧ ಹೋಗಿತ್ತು. ಯಾಕೆ ಅಳಿಸುತ್ತೀರಿ ಎಂದು ರೇಗಿದೆ.

‘ಕಲ್ಲು ಒಂದೇ ಅದೆ, ತಮಾ. ಮುಂದಿನ ಚಿತ್ರ ಎಂತದರ ಮೇಲೆ ಬರೂದು?’ ಎಂದರು.

ಹಾಗೆ ಅಳಿಸಿಹೋದವು ಎಷ್ಟೋ. ದೇವಬಾಗದ ಗಾಳಿಮರಗಳು, ಗದ್ದೆಯ ಬೆಳ್ಳಕ್ಕಿ, ಮೀನಿನ ಬುಟ್ಟಿಗೆ ಎರಗುವ ಗರುಡ. ತೆಗೆದ ಪ್ರತಿಗಳನ್ನು ಕೇಳಿದವರಿಗೆ ಕೊಟ್ಟುಬಿಡುತ್ತಿದ್ದರು. ಕೇಳಿದವರು ಅವನ್ನು ಹೇಗೆ ಇಟ್ಟುಕೊಂಡರೆಂದು ನಾನೇ ಕಂಡಿದ್ದೇನೆ. ಗರುಡದ ಚಿತ್ರವನ್ನು ನಮ್ಮ ಹೆಡ್‌ಮಾಸ್ತರರು ಮನೆಯಲ್ಲಿ ಟಿವಿಯ ಮೇಲೆ ಧೂಳು ಬೀಳದ ಹಾಗೆ ಹೊದಿಸಿದ್ದರು. ಮಾಸ್ತರು ಅದನ್ನು ನೋಡಿ ನಕ್ಕರು, ಆದರೆ ಕೊಟ್ಟ ಚಹಾ ಮುಗಿಸದೆ ಎದ್ದರು.

ಅವರಿಗೊಂದು ಆಸೆಯಿತ್ತು. ರಾಜಧಾನಿಯಲ್ಲಿ ಸರ್ಕಾರದ ಒಂದು ಕಲಾಸಂಗ್ರಹವಿದೆ. ಅಲ್ಲಿ ಒಮ್ಮೆ ಸೇರಿಸಿಕೊಂಡ ಚಿತ್ರವನ್ನು ಕಾಪಾಡುತ್ತಾರೆ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ‘ಎಲ್ಲಾ ಅಳಿಸಿದೆ. ಒಂದಾದರೂ ಉಳೀಬೇಕು, ಯಾರ ಮನೆ ಬಾಗ್ಲೂ ತಟ್ಟದೆ ಜನ ನೋಡೋ ಹಾಗೆ’ ಎನ್ನುತ್ತಿದ್ದರು. ನಾಲ್ಕು ಸಲ ಕಳುಹಿಸಿದ್ದರು. ನಾಲ್ಕು ಸಲವೂ ಚಿತ್ರ ರಟ್ಟಿನ ಕೊಳವೆಯಲ್ಲಿ ಸುರುಳಿ ಸುತ್ತಿಕೊಂಡು, ಸೌಜನ್ಯದ ಎರಡು ಸಾಲಿನ ಪತ್ರದ ಜೊತೆ ವಾಪಸು ಬಂದಿತ್ತು. ಕೊಳವೆಗಳನ್ನು ವೈನಿ ಎಸೆಯಲಿಲ್ಲ. ಒಂದರಲ್ಲಿ ಮಾಸ್ತರರ ಕೊಡೆ ಇರುತ್ತಿತ್ತು.

ಇತ್ತ ಕಲ್ಲು ಸವೆಯುತ್ತ ಬಂದಿತ್ತು. ಅಂಕೋಲೆಯಿಂದ ತಂದಾಗ ನಾಲ್ಕು ಬೆರಳು ದಪ್ಪ ಇದ್ದದ್ದು, ಸೋಮವಾರ ಸೋಮವಾರ ತಿಕ್ಕಿಸಿಕೊಂಡು ಎರಡು ಬೆರಳಿಗಿಂತ ತೆಳ್ಳಗಾಗಿತ್ತು. ತೆಳುವಾದ ಕಲ್ಲು ಪ್ರೆಸ್ಸಿನ ಒತ್ತಡಕ್ಕೆ ಸಿಡಿಯುತ್ತದೆ. ಅವರ ನಿವೃತ್ತಿಗೆ ಎರಡು ವರ್ಷವಿದ್ದಾಗ ಒಂದು ದಿನ ಕಲ್ಲಿನ ಅಂಚಿಗೆ ಬೆರಳು ಹಿಡಿದು ಅಳೆದು, ಇನ್ನು ಒಂದೇ ಚಿತ್ರ ತಡೆಯುತ್ತದೆ ಎಂದರು. ಮನೆಯಲ್ಲಿ ಯಾರದೋ ಜ್ವರದ ವಿಷಯ ಹೇಳುವ ಹಾಗೆ ಹೇಳಿದರು.

ಆ ಕಡೆಯ ಚಿತ್ರ ಕಾಂಡ್ಲಾ ಗಿಡದ್ದು. ಕದ್ವಾಡದ ಹತ್ತಿರ ಕಾಳಿಯ ಹಿನ್ನೀರಿನ ಕೆಸರಿನಲ್ಲಿ, ಬೇರುಗಳನ್ನು ಕಾಲಿನಂತೆ ಹೊರಗೆ ಊರಿಕೊಂಡು ನಿಲ್ಲುವ ಗಿಡ. ಬೇಸಿಗೆ ಮಳೆಗಾಲ ಎರಡೂ ಅವರು ಇಳಿತದ ಹೊತ್ತು ನೋಡಿಕೊಂಡು ಅಲ್ಲಿ ಹೋಗಿ ಕೂತರು. ಪ್ಯಾಂಟು ಮೊಣಕಾಲಿಗೆ ಮಡಚಿ, ಕೆಸರುಗಾಲಿನಲ್ಲೇ ಸ್ಕೂಲಿಗೆ ಬಂದದ್ದೂ ಉಂಟು. ಕಲ್ಲಿನ ಮೇಲೆ ಬೇರು ಬೇರಿಗೆ ಹೆಣೆದುಕೊಂಡು, ನಡುವೆ ತೆಳ್ಳಗೆ ನೀರು ಹೊಳೆದು, ಮೇಲೆ ಅರ್ಧದಷ್ಟು ಬರೀ ಆಕಾಶ. ಆಕಾಶಕ್ಕೆ ಕಡ್ಡಿಯನ್ನೇ ಮುಟ್ಟಿಸಿರಲಿಲ್ಲ. ಖಾಲಿ. ನಾನು ಚಿತ್ರದ ವಿಷಯ ತಿಳಿದವನಲ್ಲ, ಆದರೆ ಅದನ್ನು ಕಂಡ ದಿನ, ಇದು ವಾಪಸು ಬರುವುದಿಲ್ಲ ಎಂದು ನನ್ನ ಬಾಯಿಂದ ತಾನಾಗಿ ಬಂತು. ಅವರು ಸಣ್ಣ ಮಕ್ಕಳಂತೆ ನಾಚಿದರು.

ಗೋಂದು ಆಸಿಡ್ ಬಳಿಯುವುದು ದಸರಾ ರಜೆಯ ಸೋಮವಾರ ಎಂದು ಗೊತ್ತಾಯಿತು. ಹಿಂದಿನ ದಿನ ಫೋನು ಮಾಡಿ, ನಾಳೆ ಏನನ್ನೂ ಮುಟ್ಟಬಾರದು, ಬಸ್ಸಿನ ಕಂಬಿಯನ್ನೂ ಕರ್ಚೀಪಿನಲ್ಲಿ ಹಿಡಿ ಎಂದು ತಾಕೀತು ಮಾಡಿದರು. ಆಯಿತು ಎಂದೆ.

ಬೆಳಿಗ್ಗೆ ಬಸ್ಸಿಗೆಂದು ಹೊರಟೆ. ನಮ್ಮ ಮನೆಯಿಂದ ರಸ್ತೆಗೆ ಬರಲು ಸಮುದ್ರದ ದಂಡೆಯೇ ದಾರಿ. ಅಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಅರ್ಧ ಊರೇ ಹಗ್ಗ ಹಿಡಿದು ದಂಡೆಗೆ ಎಳೆಯುವ ದೊಡ್ಡ ಬಲೆ ಅದು. ನಮ್ಮಲ್ಲಿ ಒಂದು ಕಟ್ಟು ಇದೆ. ಎಳೆಯುತ್ತಿರುವ ಹಗ್ಗವನ್ನು ಕಂಡೂ ಕೈ ಹಾಕದೆ ದಾಟಿಹೋಗಬಾರದು. ಸೂಟುಬೂಟು ಹಾಕಿದವನಿರಲಿ, ಮದುವೆಗೆ ಹೊರಟ ಮದುಮಗನಿರಲಿ, ನಾಲ್ಕು ಹೆಜ್ಜೆಯಾದರೂ ಎಳೆದು ಹೋಗಬೇಕು. ಹೋಗದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಮಾರನೆಯ ದಿನದಿಂದ ನಿಮ್ಮನ್ನು ಹಗ್ಗಕ್ಕೆ ಕರೆಯುವುದಿಲ್ಲ. ಅಷ್ಟಾದರೆ ಊರು ಬಿಟ್ಟ ಹಾಗೆಯೇ. ನನಗೆ ಮಾಸ್ತರರ ತಾಕೀತು ನೆನಪಿತ್ತು. ನಾಲ್ಕು ಹೆಜ್ಜೆ, ಅದೂ ಬರೀ ಹಗ್ಗ ತಾನೇ ಎಂದು ಕೈ ಹಾಕಿದೆ. ನಾಲ್ಕು ಹೆಜ್ಜೆ ನಲವತ್ತಾಯಿತು. ಬಲೆ ಬಂದರೆ ಅದರ ತುಂಬ ತಾರ್ಲೆ, ಮೀನುಗಳಲ್ಲೇ ಎಣ್ಣೆ ಹೆಚ್ಚಿನದು, ಬೆಳ್ಳಿಯ ಹಾಗೆ ಕುದಿಯುತ್ತಿತ್ತು. ಆ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ? ನಾನೂ ಬೊಗಸೆಯಲ್ಲಿ ಬುಟ್ಟಿಗೆ ತುಂಬಿದೆ.

ಆಮೇಲೆ ಜ್ಞಾನೋದಯವಾಗಿ ಮರಳು ಹಾಕಿ ತಿಕ್ಕಿದೆ, ಹೋಟೆಲಿನಲ್ಲಿ ಸಾಬೂನು ಕೇಳಿ ಎರಡು ಸಲ ತೊಳೆದೆ. ಮೂಸಿ ನೋಡಿಕೊಂಡೆ. ಏನೂ ವಾಸನೆಯಿಲ್ಲ. ಹುಟ್ಟಿದಂದಿನಿಂದ ಆ ವಾಸನೆಯಲ್ಲೇ ಬೆಳೆದ ಮೂಗಿಗೆ ಅದು ಗೊತ್ತಾಗುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಹೋದ ಕೂಡಲೇ ಮಾಸ್ತರು ಎಂದಿನಂತೆ ಮೂರು ಸಲ ಕೈ ತೊಳೆಸಿ, ಹಿಡಿದು ಮೂಸಿದರು. ಅವರಿಗೆ ಅವತ್ತು ಮೂಗು ಕಟ್ಟಿದ ನೆಗಡಿ. ‘ಅಡ್ಡಿಲ್ಲ’ ಎಂದರು. ರಂಪಣಿಯ ವಿಷಯ ನಾನು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ದರೆ ಕೆಲಸ ಇನ್ನೊಂದು ವಾರ ಮುಂದೆ ಹೋಗುತ್ತಿತ್ತು, ಬೈಗುಳವೂ ಸಿಗುತ್ತಿತ್ತು. ಬೈಗುಳಕ್ಕೆ ಹೆದರಿ ಸುಮ್ಮನಾದೆ ಎಂದು ಈಗ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಆಗ ಇತ್ತು.

ಕಲ್ಲನ್ನು ಗೋಡೆಗೆ ಒರಗಿಸಿಟ್ಟಿದ್ದರು. ಚಿತ್ರದ ಮುಖ ಹೊರಗೆ, ಆಕಾಶ ಮೇಲೆ. ಇಬ್ಬರೂ ಅಂಚು ಹಿಡಿದು ಎತ್ತಿ ಪ್ರೆಸ್ಸಿನ ಹತ್ತಿರ ತಂದು ಒಂದು ಕ್ಷಣ ನೆಟ್ಟಗೆ ನಿಲ್ಲಿಸಿದೆವು. ಮಾಸ್ತರರಿಗೆ ಸೀನು ಬಂತು. ಸೀನುವಾಗ ಅವರ ಹಿಡಿತ ಸಡಿಲಾಗಿ ಕಲ್ಲು ನನ್ನ ಕಡೆಗೆ ವಾಲಿತು. ನಾನು ಬಲಗೈಯ ಅಂಗೈ ಚಾಚಿ ಅದರ ಮುಖಕ್ಕೆ ಒತ್ತಿ ತಡೆದೆ. ತಡೆಯದಿದ್ದರೆ ಕೊಟ್ಟಿಗೆಯ ಕಲ್ಲುಹಾಸಿಗೆ ಬಿದ್ದು ಚೂರಾಗುತ್ತಿತ್ತು. ಹಗುರ ಮಲಗಿಸಿ ನೋಡಿದರೆ ಒಂದು ಚುಕ್ಕೆಯೂ ಕಾಣಲಿಲ್ಲ. ನನ್ನ ಕೈ ಚೊಕ್ಕ ಇತ್ತಲ್ಲ, ಚಿಂತೆಯಿಲ್ಲ ಎಂದು ಮಾಸ್ತರೇ ನನಗೆ ಸಮಾಧಾನ ಹೇಳಿದರು. ಗೋಂದು ಬಳಿದು, ಒಣಗಿಸಿ, ಬಟ್ಟೆ ಮುಚ್ಚಿ ಬಂದೆವು. ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ಸೋಮವಾರ ಟರ್ಪೆಂಟೈನಿನಲ್ಲಿ ಕಲ್ಲು ತೊಳೆದರು. ತೊಳೆದ ಕೂಡಲೇ ಬರೆದದ್ದೆಲ್ಲ ಮಾಯವಾಗುತ್ತದೆ, ಕಲ್ಲು ಬರೀ ಕಲ್ಲಾಗುತ್ತದೆ. ಒದ್ದೆ ಮಾಡಿ, ಮಸಿಯ ರೂಳು ಉರುಳಿಸತೊಡಗಿದರು. ಮೊದಲು ಬೇರುಗಳು ಬಂದವು. ನೀರು ಬಂತು. ಎಲೆಗಳು ಬಂದವು. ಕೊನೆಗೆ ಖಾಲಿ ಆಕಾಶದಲ್ಲಿ ಬೂದುಬಣ್ಣದ ಒಂದು ಅಂಗೈ, ಆಮೇಲೆ ಬೆರಳು, ಒಂದೊಂದಾಗಿ ಐದು. ಕಿರುಬೆರಳು ಹೊರಗೆ ಸೊಟ್ಟಗಿತ್ತು.

ರೂಳು ನಿಂತಿತು. ಯಾರ ಕೈ ಎಂದು ಕೇಳುವ ಅಗತ್ಯವಿರಲಿಲ್ಲ.

‘ಎಂತಾ ಮುಟ್ಟಿದ್ಯೋ?’ ಎಂದರು.

‘ತಾರ್ಲೆ, ಮಾಸ್ತರೇ. ರಂಪಣಿ ಎಳೀತಿದ್ರು.’

ಅವರು ಬೈಯಲಿಲ್ಲ. ರೂಳನ್ನು ಜಾಗದಲ್ಲಿಟ್ಟು ಮೋಟು ಸ್ಟೂಲಿನ ಮೇಲೆ ಕೂತರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದು ಚಿತ್ರ ಉಳಿಯಲಿ ಎಂದು ಮೂವತ್ತು ವರ್ಷ ಕಾದವರು. ಉಳಿದದ್ದು ಒಂದೇ ಕಲ್ಲು. ಅದರಲ್ಲಿ ನನ್ನ ಮೀನಿನ ಕೈ. ವೈನಿ ಚಹಾ ತಂದವರು ಇಬ್ಬರ ಮುಖ ನೋಡಿ, ಕಪ್ಪುಗಳನ್ನು ಬಾಗಿಲಲ್ಲೇ ಇಟ್ಟು ಹೋದರು. ತಪ್ಪಾದ ಗುರುತನ್ನು ಕೆರೆದು ತೆಗೆಯುವ ಉಪಾಯವೂ ಇದೆಯೆಂದು ನನಗೆ ಗೊತ್ತಿತ್ತು. ಅವರೇ ಹಿಂದೆ ಸಣ್ಣಪುಟ್ಟ ಚುಕ್ಕೆಗಳನ್ನು ಬ್ಲೇಡಿನಿಂದ, ಉಜ್ಜುವ ಕಲ್ಲಿನಿಂದ ತೆಗೆದದ್ದನ್ನು ಕಂಡಿದ್ದೆ. ಬ್ಲೇಡನ್ನು ತಂದು ಅವರ ಮುಂದೆ ಹಿಡಿದೆ. ತೆಗೆದುಕೊಂಡರು, ಆಕಾಶದ ಮೇಲೆ ಬಗ್ಗಿದರು, ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಬ್ಲೇಡನ್ನು ಜೇಬಿಗೆ ಹಾಕಿಕೊಂಡು, ಕಾಗದ ತಾ ಎಂದರು.

ಆರು ಪ್ರತಿ ತೆಗೆದೆವು. ಆರರಲ್ಲೂ ಕಾಂಡ್ಲಾದ ಮೇಲೆ ನನ್ನ ಕೈ. ಒಂದನ್ನು ಅವರು ಯಾರಿಗೂ ಹೇಳದೆ ರಾಜಧಾನಿಗೆ ಕಳುಹಿಸಿದರು. ನನಗೆ ಹೇಳಿದ್ದು ಕಳುಹಿಸಿಯಾದ ಮೇಲೆ.

ಮಳೆಗಾಲದ ಮುಂಚೆ ಪತ್ರ ಬಂತು. ಶಾಲೆಯ ವಿಳಾಸಕ್ಕೆ ಬಂದದ್ದರಿಂದ ಮೊದಲು ನನ್ನ ಮೇಜಿಗೇ ಬಂತು. ಓಡಿಹೋಗಿ ಡ್ರಾಯಿಂಗ್ ಕ್ಲಾಸಿನ ಬಾಗಿಲಲ್ಲಿ ನಿಂತೆ. ಅವರು ಒಡೆದು ಓದಿ ನನಗೆ ಕೊಟ್ಟರು. ಕೃತಿಯನ್ನು ಸಮಿತಿ ಬಹಳ ಮೆಚ್ಚಿದೆ ಎಂದಿತ್ತು. ಆಕಾಶದ ಭಾಗದಲ್ಲಿ ಮುದ್ರಣದ ದೋಷದಿಂದ ಒಂದು ಗುರುತು ಬಿದ್ದಿರುವಂತಿದೆ, ದೋಷವಿಲ್ಲದ ಪ್ರತಿಯೊಂದನ್ನು ಕಳುಹಿಸಿದರೆ ಸಂಗ್ರಹಕ್ಕೆ ಸೇರಿಸಲು ಅಡ್ಡಿಯಿರುವುದಿಲ್ಲ ಎಂದೂ ಇತ್ತು. ಜೊತೆಗೊಂದು ಫಾರಮ್ಮು.

ನನಗೆ ಹೋದ ಜೀವ ಬಂದಂತಾಯಿತು. ಕಲ್ಲಿನ ಮೇಲೆ ಚಿತ್ರ ಇನ್ನೂ ಇದೆ, ಕೈಯನ್ನು ಕೆರೆದು ಒಂದೇ ಒಂದು ಪ್ರತಿ ತೆಗೆದರೆ ಮುಗಿಯಿತು, ಬರುವ ಸೋಮವಾರವೇ ಮಾಡೋಣ, ನಾನು ಹಿಂದಿನ ಮೂರು ದಿನ ಮೀನನ್ನು ಕಣ್ಣಿಂದಲೂ ನೋಡುವುದಿಲ್ಲ ಎಂದೆಲ್ಲ ಹೇಳಿದೆ. ಬೇಡಿಕೊಂಡೆ ಎಂದರೂ ಸರಿ. ನನ್ನ ತಪ್ಪು ಅಳಿಸಿಹೋಗಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಮಾಸ್ತರು ಹುಡುಗರಿಗೆ ತೆಂಗಿನಮರ ಬರೆಯಲು ಹೇಳಿ ಹೊರಗೆ ಬಂದರು. ಅವರು ಅಷ್ಟು ಉದ್ದ ಮಾತಾಡಿದ್ದು ಅಪರೂಪ.

‘ಅವತ್ತು ಕಲ್ಲು ಬಿದ್ದಿದ್ರೆ ಎಂತಾ ಇರ್ತಿತ್ತು ಹೇಳು. ಬೇರೂ ಇಲ್ಲ, ನೀರೂ ಇಲ್ಲ. ಸೀನಿದವ ನಾನು, ಹಿಡಿದವ ನೀನು. ಈಗ ಹಿಡಿದ ಕೈ ಕೆರೆದು ತೆಗ್ದು, ಕಲ್ಲು ತನ್ನಷ್ಟಕ್ಕೆ ನಿಂತಿತ್ತು ಅಂತ ಜನಕ್ಕೆ ತೋರ್ಸೂದಾ? ಅದು ನನ್ನಿಂದ ಆಗೂದಿಲ್ಲ.’

‘ವಾಪಸು ಬತ್ತದೆ, ಮಾಸ್ತರೇ.’

‘ಬರ್ಲಿ. ಕೊಳವೆಗೆ ಜಾಗ ಅದೆ ಮನೇಲಿ.’

ಉತ್ತರವನ್ನು ನನ್ನ ಕೈಯಲ್ಲೇ ಬರೆಸಿದರು. ಆಫೀಸಿನ ಪತ್ರ ಬರೆಯುವುದರಲ್ಲಿ ನನ್ನ ಕೈ ಪಳಗಿತ್ತು, ಆದರೆ ಅಂಥ ಪತ್ರವನ್ನು ನಾನು ಹಿಂದೆಂದೂ ಬರೆದಿರಲಿಲ್ಲ. ಆಕಾಶದಲ್ಲಿರುವುದು ದೋಷವಲ್ಲ, ಕಲ್ಲನ್ನು ಬೀಳದಂತೆ ಹಿಡಿದವನ ಕೈ. ಅದಿಲ್ಲದ ಪ್ರತಿ ಇಲ್ಲ, ಮಾಡುವುದೂ ಇಲ್ಲ. ಬೇಕಾದರೆ ಹೀಗೇ ಇಟ್ಟುಕೊಳ್ಳಿ, ಬೇಡವಾದರೆ ಕೊಳವೆಯಲ್ಲಿ ಹಾಕಿ ಕಳುಹಿಸಿ. ‘ಮಾನ್ಯರೇ’ಯನ್ನೂ ‘ವಿಧೇಯ’ವನ್ನೂ ನಾನು ಸೇರಿಸಿದ್ದು. ಫಾರಮ್ಮನ್ನು ಮಾತ್ರ ನನಗೆ ಕೊಡಲಿಲ್ಲ. ಕೃತಿಯ ಹೆಸರು, ಮಾಧ್ಯಮ, ಅಳತೆ ಎಂದು ಒಂದೊಂದೇ ಕಾಲಮ್ಮನ್ನು ತಾವೇ ತುಂಬಿದರು, ಪರೀಕ್ಷೆಯಲ್ಲಿ ಪಕ್ಕದವನಿಗೆ ತೋರಿಸದ ಹುಡುಗನ ಹಾಗೆ ಎಡಗೈ ಅಡ್ಡ ಹಿಡಿದು. ಏನು ಬರೆದಿರಿ ಎಂದರೆ, ‘ಕೇಳಿದ್ದನ್ನು ಬರ್ದೆ’ ಎಂದು ಲಕೋಟೆಗೆ ಗೋಂದು ಹಚ್ಚಿದರು.

ಆ ಮಳೆಗಾಲ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಟಪಾಲಿನವ ಬಂದಾಗಲೆಲ್ಲ ನಾನು ಮೊದಲು ಅವನ ಕೈಯಲ್ಲಿ ರಟ್ಟಿನ ಕೊಳವೆ ಇದೆಯೇ ಎಂದು ನೋಡುತ್ತಿದ್ದೆ. ಮಾಸ್ತರು ಒಂದು ಸಲವೂ ಕೇಳಲಿಲ್ಲ. ಆದರೆ ಆಫೀಸಿನ ಮುಂದೆ ಹಾಯುವಾಗ ಅವರ ನಡಿಗೆ ನಿಧಾನವಾಗುತ್ತಿತ್ತು, ನನಗೆ ಗೊತ್ತಾಗುತ್ತಿತ್ತು.

ಚೌತಿ ಕಳೆದು ಎರಡನೆಯ ಸೋಮವಾರ ಬಂದದ್ದು ಕೊಳವೆಯಲ್ಲ, ಲಕೋಟೆ. ಕೃತಿಯನ್ನು ಇದ್ದ ಹಾಗೆಯೇ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಳ್ಳಲಾಗಿದೆ ಎಂದು ಅದರಲ್ಲಿತ್ತು. ‘ಇದ್ದ ಹಾಗೆಯೇ’ ಎಂಬ ಮಾತನ್ನು ನಾನು ಗಟ್ಟಿಯಾಗಿ ಎರಡು ಸಲ ಓದಿದೆ. ಮಾಸ್ತರು ಮೂರನೆಯ ಸಲ ಓದಿಸಿದರು. ಆಮೇಲೆ ಹೆಡ್‌ಮಾಸ್ತರರ ಅನುಮತಿಯನ್ನೂ ಕೇಳದೆ ಚಪ್ಪಲಿ ಮೆಟ್ಟಿ, ನನ್ನನ್ನು ಎಳೆದುಕೊಂಡು, ಹಾಡುಹಗಲು ಕಾರವಾರದ ಮೀನು ಮಾರ್ಕೆಟ್ಟಿಗೆ ನಡೆದರು.

ಅಲ್ಲಿ ನನ್ನ ಆಯಿ ಮೀನು ಮಾರುತ್ತಿದ್ದಳು. ಮನೆಗಳಲ್ಲಿ ತಿನ್ನದಿದ್ದರೂ ಸೋಮವಾರ ಮಾರ್ಕೆಟ್ಟು ಮುಚ್ಚುವುದಿಲ್ಲ, ಹೋಟೆಲಿನವರು ಕೊಳ್ಳುತ್ತಾರೆ. ಮಾಸ್ತರು ಅವಳ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಿನ್ನ ಮಗನ ಕೈಯನ್ನು ಸರ್ಕಾರ ಗೋಡೆಗೆ ಹಾಕುತ್ತದೆ ಎಂದು ಹೇಳಿದರು. ಆಯಿಗೆ ಮೊದಲು ಗಾಬರಿ, ನಾನು ಎಲ್ಲೋ ಏನೋ ಸಿಕ್ಕಿಬಿದ್ದೆನೆಂದು. ಪೂರ್ತಿ ತಿಳಿದ ಮೇಲೆ ಅವಳು ನಕ್ಕ ನಗು ಮಾರ್ಕೆಟ್ಟಿನ ಆ ತುದಿಗೂ ಕೇಳಿಸಿತು. ಅಕ್ಕಪಕ್ಕದ ಬುಟ್ಟಿಯವರೆಲ್ಲ ಬಂದು ನನ್ನ ಬಲಗೈಯನ್ನು ಹಿಡಿದು ಹಿಡಿದು ನೋಡಿದರು. ಮಾಸ್ತರು ಬುಟ್ಟಿಯೊಳಗೆ ಎರಡೂ ಕೈ ಹಾಕಿ ಬೊಗಸೆ ತುಂಬ ತಾರ್ಲೆ ಎತ್ತಿಕೊಂಡರು. ಸೋಮವಾರ ಅವರು ಮೀನು ಮುಟ್ಟಿದ್ದು ನಾನು ನೋಡಿದ್ದು ಅದೊಂದೇ ಸಲ. ವೈನಿ ಇವತ್ತು ಮಾಡಲಿಕ್ಕಿಲ್ಲ, ನಾಳೆಯವರೆಗೆ ಐಸಿನಲ್ಲಿ ಇಡು ಎಂದು ಆಯಿಗೆ ಒಪ್ಪಿಸಿ, ಕೈಯನ್ನು ತೊಳೆಯದೆ, ಅಂಗೈಯನ್ನು ಮೂಸುತ್ತ ಶಾಲೆಗೆ ವಾಪಸು ಬಂದರು. ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ನಾನೂ ಅಷ್ಟು ಸಂತೋಷವನ್ನು ಮತ್ತೆ ಪಟ್ಟಿಲ್ಲ.

ಕಲ್ಲನ್ನು ಅವರು ಆಮೇಲೆ ತಿಕ್ಕಲಿಲ್ಲ. ಕಾಂಡ್ಲಾ ಅದರ ಮೇಲೆ ಹಾಗೇ ಉಳಿಯಿತು. ನಿವೃತ್ತರಾದ ಮೇಲೂ ಸೋಮವಾರ ಸಂಜೆ ನಾನು ಕದ್ವಾಡಕ್ಕೆ ಹೋಗುತ್ತಿದ್ದೆ. ಎತ್ತುವುದು ಏನೂ ಇರಲಿಲ್ಲ. ಅವರು ಅಭ್ಯಾಸಬಲದಿಂದ ನನ್ನ ಕೈ ಮೂಸಿ, ‘ಸೋಪು. ಬರೇ ಸೋಪು’ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು. ಕಳೆದ ಬೇಸಿಗೆಯಲ್ಲಿ, ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಕಲ್ಲಿಗಿಂತ ಹಗುರ ಇದ್ದರು. ದುಃಖವಾಯಿತು, ಆದರೆ ಅವರನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ಬರುವುದು ಮೀನು ಮಾರ್ಕೆಟ್ಟಿನ ಆ ಬೊಗಸೆ.

ಚಿತ್ರ ಇಷ್ಟು ವರ್ಷ ಸಂಗ್ರಹದ ಪೆಟ್ಟಿಗೆಯಲ್ಲಿತ್ತು. ಈ ವರ್ಷ ಅದನ್ನು ಹೊರಗೆ ತೂಗುಹಾಕಿದ್ದಾರೆಂದು ವೈನಿಗೆ ಪತ್ರ ಬಂತು. ಅವರಿಗೆ ಮೊಣಕಾಲು ನೋವು. ‘ನೀನೇ ಹೋಗಿ ಬಾ, ಕೈ ನಿಂದೇ ಅಲ್ದಾ’ ಎಂದರು. ದಸರಾ ರಜೆಯಲ್ಲಿ ಹೋದೆ. ಎತ್ತರದ ಚಾವಣಿಯ ದೊಡ್ಡ ಹಾಲು, ಮಾತಾಡಿದರೆ ಪ್ರತಿಧ್ವನಿ. ಸುತ್ತ ನೋಡುತ್ತ ಹೋದವ ಎಡಗಡೆಯ ಗೋಡೆಯ ಮುಂದೆ ನಿಂತುಬಿಟ್ಟೆ. ಕದ್ವಾಡದ ಕೆಸರು, ಕಾಂಡ್ಲಾದ ಬೇರು, ನಡುವೆ ಕಾಳಿಯ ನೀರು, ಮೇಲೆ ಕೈ. ಕಾಲೇಜಿನ ಇಬ್ಬರು ಹುಡುಗಿಯರು ಯಾರ ಅಪ್ಪಣೆಯನ್ನೂ ಕೇಳದೆ ಬಂದು ನೋಡುತ್ತ ನಿಂತಿದ್ದರು. ಮಳೆಮೋಡ ಎಂದಳು ಒಬ್ಬಳು. ಅಲ್ಲ, ಯಾರೋ ಗಿಡವನ್ನು ಹಿಡಿದುಕೊಂಡಿದ್ದಾರೆ ಎಂದಳು ಇನ್ನೊಬ್ಬಳು. ಮಾಸ್ತರು ಇದನ್ನು ಕೇಳಿಸಿಕೊಳ್ಳಬೇಕಿತ್ತು.

ಹುಡುಗಿಯರು ಮುಂದೆ ಹೋದ ಮೇಲೆ ಚಿತ್ರದ ಕೆಳಗಿನ ಚೀಟಿ ಓದಲು ಬಗ್ಗಿದೆ. ಮೊದಲ ಸಾಲಿನಲ್ಲಿ ಮಾಸ್ತರರ ಹೆಸರು, ಉಲ್ಟಾ ಅಲ್ಲ, ನೆಟ್ಟಗೆ. ಅದರ ಕೆಳಗೆ ‘ಕಾಂಡ್ಲಾ, ಕಾಳಿ ನದಿ’. ಅದರ ಕೆಳಗೆ, ಅವರು ಅಂದು ಎಡಗೈ ಅಡ್ಡ ಹಿಡಿದು ತುಂಬಿದ ಕಾಲಮ್ಮು:

‘ಮಾಧ್ಯಮ: ಕಲ್ಲಚ್ಚು. ಮಸಿ ಮತ್ತು ತಾರ್ಲೆ ಎಣ್ಣೆ.’

ಕಣ್ಣು ತುಂಬಿ ಬಂತು, ಅದರ ಬೆನ್ನಿಗೇ ನಗುವೂ ಬಂತು, ಎರಡನ್ನೂ ತಡೆಯಲು ಹೋಗಲಿಲ್ಲ. ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ ತಪ್ಪನ್ನು ಅವರು ಆ ದಿನವೇ ಸಾಮಗ್ರಿಯ ಪಟ್ಟಿಗೆ ಸೇರಿಸಿ, ಗೋಂದು ಹಚ್ಚಿ, ಟಪಾಲಿಗೆ ಹಾಕಿದ್ದರು. ಬಲಗೈಯ ಅಂಗೈಯನ್ನು ನನಗೇ ಕಾಣುವಂತೆ ಎತ್ತಿ ಚಿತ್ರದ ಪಕ್ಕ ಹಿಡಿದೆ. ಹೆಬ್ಬೆರಳಿಗೆ ಹೆಬ್ಬೆರಳು, ಸೊಟ್ಟ ಕಿರುಬೆರಳಿಗೆ ಸೊಟ್ಟ ಕಿರುಬೆರಳು.

ಕಾವಲಿನವ ಬಿರಬಿರನೆ ಬಂದ. ‘ಸಾರ್, ದೂರ ನಿಲ್ಲಿ. ಚಿತ್ರಕ್ಕೆ ಕೈ ಮುಟ್ಟಿಸಬಾರದು’ ಎಂದ.

‘ಮುಟ್ಟಿಸಿ ಆಗಿದೆ, ತಮಾ’ ಎಂದೆ.